ಪುಸ್ತಕ ಡಿಜಿಟಲ್ ಆದಾಗ ಪ್ರಕಾಶಕರಿಗೆ ನಿಜವಾಗಿ ಬದಲಾಗುವುದೇನು?

ಬದಲಾಗುವ ಮುಖ್ಯ ಸಂಗತಿ ಕಾಗದದ ಉಳಿತಾಯವಲ್ಲ. ಎಷ್ಟು ಪ್ರತಿ ಮಾರಾಟವಾಗಬಹುದೆಂದು ಮೊದಲೇ ಊಹಿಸಿ ಹಣ ಹೂಡಬೇಕಾದ ಅನಿವಾರ್ಯತೆ ತಪ್ಪುತ್ತದೆ.

ಪುಸ್ತಕಗಳನ್ನು ದೊಡ್ಡ ಸಂಖ್ಯೆಯಲ್ಲಿ ಅಚ್ಚು ಹಾಕುವ ಆಫ್‌ಸೆಟ್ ಮುದ್ರಣದಲ್ಲಿ ಪುಟಗಳ ಪ್ಲೇಟ್ (ಅಚ್ಚಿನ ತಗಡು) ತಯಾರಿಸಿ, ಯಂತ್ರಕ್ಕೆ ಜೋಡಿಸಿ, ಶಾಯಿಯ ಹದ ಸರಿಪಡಿಸುವ ಖರ್ಚು 100 ಪ್ರತಿಗೂ 5,000 ಪ್ರತಿಗೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಒಂದು ಪ್ರತಿಯ ವೆಚ್ಚ ಇಳಿಯಬೇಕಾದರೆ ಹೆಚ್ಚು ಅಚ್ಚು ಹಾಕಿಸಲೇಬೇಕು. ಹಾಗೆ ಅಚ್ಚಾದವು ಮಾರಾಟವಾಗದಿದ್ದರೆ ಅಂಗಡಿಗಳಿಂದ ಹಿಂದಿರುಗಿ, ಗೋದಾಮಿನ ಬಾಡಿಗೆ ತಿಂದು, ಕೊನೆಗೆ ರದ್ದಿಗೆ ಹೋಗುತ್ತವೆ. ಇ-ಪುಸ್ತಕದ ಕಡತವಾದರೋ ಒಮ್ಮೆ ಸಿದ್ಧವಾದರೆ ಸಾಕು, ಮುಂದಿನ ಪ್ರತಿಗಳಿಗೆ ಬಹುತೇಕ ಖರ್ಚೇ ಇಲ್ಲ. ಆದರೆ ಸಂಪಾದನೆ, ಕರಡು ತಿದ್ದುವಿಕೆ, ಮುಖಪುಟ, ಲೇಖಕರ ಗೌರವಧನ, ಮಾರಾಟ ತಾಣದ ಪಾಲು ಇವು ಯಾವುವೂ ಹೋಗುವುದಿಲ್ಲ. ಓದುಗರು ನಿರೀಕ್ಷಿಸುವಷ್ಟು ಬೆಲೆ ಇಳಿಯದಿರುವುದು ಇದರಿಂದಲೇ.

ಪುಸ್ತಕ ಡಿಜಿಟಲ್ ಆಗುವುದರ ಇನ್ನೊಂದು ಪರಿಣಾಮವನ್ನು ಲೇಖಕರು ಗಮನಿಸಬೇಕು. ಪುಸ್ತಕದ ಪ್ರತಿಗಳು ಮುಗಿದು ಮರುಮುದ್ರಣವಾಗದಿದ್ದರೆ ಪ್ರಕಟಣೆಯ ಹಕ್ಕು ಲೇಖಕರಿಗೆ ಮರಳುತ್ತದೆ ಎಂಬ ಷರತ್ತು ಅನೇಕ ಹಳೆಯ ಒಪ್ಪಂದಗಳಲ್ಲಿತ್ತು. ಸರ್ವರ್‌ನಲ್ಲಿರುವ ಕಡತ ಎಂದೂ ಮುಗಿಯುವುದಿಲ್ಲ; ಹಾಗಾಗಿ ವರ್ಷಕ್ಕೆ ಎರಡೇ ಪ್ರತಿ ಮಾರಾಟವಾದರೂ ಪುಸ್ತಕ ‘ಲಭ್ಯವಿದೆ’ ಎಂದು ಪ್ರಕಾಶಕರು ವಾದಿಸಿ ಹಕ್ಕನ್ನು ಉಳಿಸಿಕೊಳ್ಳಬಹುದು. ಈ ಕಾರಣದಿಂದ ಈಗಿನ ಅನೇಕ ಒಪ್ಪಂದಗಳು ಲಭ್ಯತೆಯ ಬದಲು ಕನಿಷ್ಠ ಮಾರಾಟವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತವೆ.

ಹಾಗೆಂದು ಮುದ್ರಣ ನಿಂತುಹೋಗಿಲ್ಲ. ಬೇಡಿಕೆ ಬಂದಾಗ ಡಿಜಿಟಲ್ ಕಡತದಿಂದ ಒಂದೇ ಪ್ರತಿಯನ್ನು ಅಚ್ಚು ಮಾಡಿ ಕಳಿಸುವ ಪದ್ಧತಿಯೂ ಬಳಕೆಯಲ್ಲಿದೆ.