‘ಬಿಳಿ ಕಲ್ಲಿನ ಭಾರ’ ಲೇಖನದ ಬಗ್ಗೆ

ನಮಸ್ಕಾರ. ಸೋಮವಾರಪೇಟೆ ಕಡೆಯ ಕಾಫಿ ತೋಟದ ತೊರೆಯಲ್ಲಿ ಸಿಕ್ಕ ಬಿಳಿ ಕಲ್ಲಿನಿಂದ ಶುರುವಾಗಿ, ಅದಿರಿನ ಸಿರೆಗಳಲ್ಲಿ (ಬಂಡೆಯ ಸೀಳು ತುಂಬಿದ ಖನಿಜದ ಪಟ್ಟಿಗಳಲ್ಲಿ) ಸಲ್ಫೇಟ್ ಖನಿಜ ಹುಟ್ಟುವ ಬಗೆ ಹೇಳುವ ನಿಮ್ಮ ಲೇಖನ ಓದಿದೆವು. ಈಗಿರುವ ಹಾಗೆ ಅಚ್ಚಿಗೆ ಹೋಗುವುದಿಲ್ಲ. ತಿದ್ದಿದರೆ ಹೋದೀತು.

ಮೊದಲು ಆ ಕಲ್ಲು. ಆಸಿಡ್ ಹಾಕಿದರೆ ನೊರೆ ಬರಲಿಲ್ಲ, ಹಾಗಾಗಿ ಬೇರೈಟ್, ಅಂದರೆ ಬೇರಿಯಂ ಸಲ್ಫೇಟ್‌ನ ಭಾರವಾದ ಖನಿಜ, ಎಂದಿದ್ದೀರಿ. ಬೆಣಚುಕಲ್ಲೂ ನೊರೆ ಬಿಡುವುದಿಲ್ಲವಲ್ಲ! ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಣಕಲ್ಲನ್ನು ತೂಗಿ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತಂದು, ಕಲ್ಲಿಗೆ ದಾರ ಕಟ್ಟಿ ಪೂರ್ತಿ ಮುಳುಗುವಂತೆ ಹಿಡಿಯಿರಿ. ತಳಕ್ಕೆ ತಾಗಿದರೆ ಕಲ್ಲಿನ ತೂಕವೂ ಸೇರಿ ಲೆಕ್ಕ ಕೆಡುತ್ತದೆ. ಮೈಗಂಟಿದ ಗಾಳಿಗುಳ್ಳೆ ಬಿಡಿಸಿ. ಒಣತೂಕವನ್ನು ಈಗ ತೋರಿಸುವ ಅಂಕಿಯಿಂದ ಭಾಗಿಸಿ: 270 ಗ್ರಾಂ ಕಲ್ಲಿಗೆ ತಕ್ಕಡಿ 60 ತೋರಿಸಿದರೆ ಸಾಂದ್ರತೆ 4.5, ಬೇರೈಟ್ ಇರಬಹುದು. 102 ತೋರಿಸಿದರೆ 2.65, ಅದು ಬೆಣಚು. ಚಾಕುವಿನಿಂದ ಗೀರಿಯೂ ನೋಡಿ. ಬೇರೈಟ್ ಮೇಲೆ ಗೀರು ಬೀಳುತ್ತದೆ, ಬೆಣಚಿನ ಮೇಲೆ ಬೀಳದು. ಬೆಣಚೇ ಆದರೂ ಲೇಖನಕ್ಕೆ ನಷ್ಟವಿಲ್ಲ, ಆ ತಪ್ಪಿನಿಂದಲೇ ಶುರು ಮಾಡಿ.

‘ಬಿಸಿನೀರು ತಣಿದಾಗ ಕರಗಿದ್ದೆಲ್ಲ ತಳಕ್ಕೆ ಕೂರುತ್ತದೆ.’ ಲೇಖನವನ್ನು ಕೆಡಿಸಿರುವುದು ಈ ಸಾಲು. ಬೇರಿಯಂ ಹೊತ್ತು ಮೇಲೇರುವ ಬಿಸಿನೀರಿನಲ್ಲಿ ಸಲ್ಫೇಟ್ ಬಹಳ ಕಡಿಮೆ. ಗಂಧಕವಿದ್ದರೂ ಹೆಚ್ಚಿನದು ಸಲ್ಫೈಡ್ ರೂಪದಲ್ಲಿರುತ್ತದೆ. ಸಲ್ಫೇಟ್ ಇರುವ ಇನ್ನೊಂದು ನೀರು, ಸಮುದ್ರದ್ದೋ ಮೇಲಿಂದ ಇಳಿದದ್ದೋ, ಸೀಳಿನಲ್ಲಿ ಅದಕ್ಕೆ ಎದುರಾದ ಕಡೆ ಬೇರೈಟ್ ಕಟ್ಟುತ್ತದೆ. ಪಿಯುಸಿ ಲ್ಯಾಬ್ ನೆನಪಿಸಿಕೊಳ್ಳಿ: ಪ್ರನಾಳದಲ್ಲಿ ತಿಳಿಯಾದ ಸಲ್ಫೇಟ್ ದ್ರಾವಣ, ಅದಕ್ಕೆ ನಾಲ್ಕು ಹನಿ ಬೇರಿಯಂ ಕ್ಲೋರೈಡ್, ತಕ್ಷಣ ಗಂಜಿಯಂಥ ಬಿಳುಪು. ದುರ್ಬಲ ಆಸಿಡ್ ಹಾಕಿದರೂ ಕರಗದ ಆ ಬಿಳುಪೇ ಬೇರಿಯಂ ಸಲ್ಫೇಟ್. ನಿಮ್ಮ ಎರಡು ಪುಟದ ವಿವರಣೆಗಿಂತ ಈ ದೃಶ್ಯ ಚೆನ್ನಾಗಿ ಕೆಲಸ ಮಾಡುತ್ತದೆ. (ಬೇರಿಯಂ ಕ್ಲೋರೈಡ್ ವಿಷ, ಮನೆಯಲ್ಲಿ ಮಾಡಿ ನೋಡಿ ಎಂದು ಮಾತ್ರ ಬರೆಯಬೇಡಿ.)

ಕ್ಯಾಲ್ಸಿಯಂ ಸಲ್ಫೇಟ್ ಖನಿಜವಾದ ಅನ್‌ಹೈಡ್ರೈಟ್ ಅಂತೂ ನಿಮ್ಮ ಸಾಲಿಗೆ ಪೂರ್ತಿ ಉಲ್ಟಾ. ಅದು ಬಿಸಿ ಏರಿದಷ್ಟೂ ಕಡಿಮೆ ಕರಗುತ್ತದೆ. ಕಡಲಡಿಯ ಬಿಸಿಬುಗ್ಗೆಗಳಲ್ಲಿ ಸಮುದ್ರದ ನೀರು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾದಾಗ ಗಟ್ಟಿಯಾಗಿ, ತಣಿದಾಗ ಮತ್ತೆ ಕರಗುತ್ತದೆ.

ಸೀಸದ ಸಲ್ಫೇಟ್ ಆದ ಆಂಗ್ಲಿಸೈಟ್ ಅನ್ನೂ ಬಿಸಿನೀರಿನಿಂದ ನೇರ ಕೂತ ಖನಿಜಗಳ ಗುಂಪಿಗೆ ಸೇರಿಸಿದ್ದೀರಿ. ಸಿರೆಯಲ್ಲಿ ಮೊದಲು ಕೂತದ್ದು ಗೆಲೀನಾ, ಸೀಸದ ಸಲ್ಫೈಡ್. ಗಾಳಿ ಬೆರೆತ ಮಳೆನೀರು ಇಳಿದು ಅದನ್ನು ತಿಂದ ಮೇಲೆ ಹುಟ್ಟಿದ್ದು ಆಂಗ್ಲಿಸೈಟ್. ಒಡೆದರೆ ನಡುವೆ ಮಿರುಗುವ ಗೆಲೀನಾ ಉಳಿದು, ಸುತ್ತ ಬೂದು ಬಣ್ಣದ ಪಟ್ಟೆ ಕಾಣುವುದುಂಟು. ಇದಕ್ಕೆ ಬೇರೆಯೇ ಪ್ಯಾರಾ ಕೊಡಿ.

ಆಂಧ್ರದ ಮಂಗಂಪೇಟೆಯ ಉದಾಹರಣೆ ತೆಗೆಯಿರಿ. ಅಲ್ಲಿಯ ಬೇರೈಟ್ ಪದರವಾಗಿ ಕೂತದ್ದು, ಸೀಳಿನಲ್ಲಿ ತುಂಬಿದ್ದಲ್ಲ.

‘ಭೂತಾಯಿಯ ಒಡಲು’ ಒಂದೇ ಪುಟದಲ್ಲಿ ಮೂರು ಸಲ ಬಂದಿದೆ. ಮೂರೂ ಬೇಡ. ಫೋಟೊದಲ್ಲಿ ಕಲ್ಲಿನ ಪಕ್ಕ ಕಾಫಿ ಹೂವಿನ ಬದಲು ಸ್ಕೇಲ್ ಇಡಿ. ತೂಗಿದ ಎರಡೂ ಅಂಕಿಗಳನ್ನು ಕರಡಿನ ಜೊತೆಗೇ ಬರೆದು ಕಳಿಸಿ.