ನೆರೆ ತಡೆಯೋ ಭತ್ತ, ಜೀನ್ ಮಾರ್ಕರ್

ಪ್ರಶ್ನೆ: ವರದಾ ಹೊಳೆ ಉಕ್ಕಿದ್ರೆ ನಮ್ಮ ಗದ್ದೆ ವಾರಗಟ್ಲೆ ಮುಳುಗತ್ತೆ. ಭತ್ತದ ಜೀನ್ ಓದಿದ್ರೆ ನಮಗೇನು ಉಪಯೋಗ ಸಾರ್?
– ಓದುಗರು, ಸಾಗರ ತಾಲೂಕು

ಉತ್ತರ: ಖಂಡಿತ ಇದೆ. ಒಡಿಶಾದ ಎಫ್‌ಆರ್13ಎ ಅನ್ನೋ ಹಳೇ ತಳಿ ಸುಮಾರು ಎರಡು ವಾರ ಮುಳುಗಿದ್ರೂ ಸಾಯಲ್ಲ, ಅದಕ್ಕೆ ಸಬ್1ಎ ಅನ್ನೋ ಜೀನ್ ಕಾರಣ ಅಂತ 2006ರಲ್ಲಿ ಗೊತ್ತಾಯ್ತು, ನೀರೊಳಗೆ ಗಿಡ ಉದ್ದ ಬೆಳೆಯೋಕೆ ಹೋಗಿ ಶಕ್ತಿ ಕಳ್ಕೊಳ್ಳದ ಹಾಗೆ ಅದು ತಡೆಯತ್ತೆ. ಮಾರ್ಕರ್ ಅಂದ್ರೆ ಜಮೀನಿನ ಬಾಂದುಕಲ್ಲು ಇದ್ದಂಗೆ, ಜೀನ್ ಹತ್ರಾನೇ ಇರೋ ಡಿಎನ್‌ಎ ಗುರುತು. ಸಸಿಯ ಎಲೆ ಚೂರು ಟೆಸ್ಟ್ ಮಾಡಿ ಈ ಗುರುತು ಹುಡುಕಿದ್ರೆ ಸಾಕು, ಜೀನ್ ಇದೆಯೋ ಇಲ್ವೋ ಗೊತ್ತಾಗತ್ತೆ, ನೆರೆ ಬರೋ ತನಕ ಕಾಯಬೇಕಿಲ್ಲ. ಹೀಗೇ ಆರಿಸಿ ಆರಿಸಿ ಕ್ರಾಸ್ ಮಾಡಿ, ಸ್ವರ್ಣ ಅನ್ನೋ ಭತ್ತದ ತಳಿಗೆ ಈ ಜೀನ್ ಸೇರಿಸಿ ಸ್ವರ್ಣ-ಸಬ್1 ಮಾಡಿದ್ರು, 2009ರಲ್ಲಿ ಬಿಡುಗಡೆ ಆಯ್ತು. ನಿಮ್ಮನೇಲಿ ನೆರೆಗುಳಿ (ನೆರೆ ತಡೆಯೋ ನಾಟಿ ಭತ್ತ) ಬೀಜ ಇದ್ರೆ ದಯವಿಟ್ಟು ಬಿಡಬೇಡಿ, ಎಫ್‌ಆರ್13ಎ ಬಂದಿದ್ದೂ ಇಂಥದ್ದೇ ರೈತರ ತಳಿಯಿಂದ.