ಧೂಳಿನಲ್ಲಿ ಸೀಸ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಹಳೆಯ ಮನೆ, ಗೋಡೆಯ ಬಣ್ಣ ಉದುರುತ್ತಿದೆ. ಅಂಬೆಗಾಲಿಡುವ ಮಗುವಿಗೆ ಆಹಾರಕ್ಕಿಂತ ಧೂಳಿನಿಂದಲೇ ಹೆಚ್ಚು ಸೀಸ ಸೇರಬಹುದೇ?

ಉತ್ತರ: ಸೇರಬಹುದು. ಸೀಸ ಬೆರೆತಿರಬಹುದಾದ ಹಳೆಯ ಬಣ್ಣದ ಪುಡಿಯೂ ಪಾದರಕ್ಷೆಗೆ ಅಂಟಿ ಒಳಬರುವ ಮಣ್ಣೂ ನೆಲದ ಧೂಳಿನಲ್ಲಿ ಬೆರೆಯುತ್ತವೆ. ಕೈಯನ್ನು ಪದೇಪದೇ ಬಾಯಿಗಿಡುವ ಮಗು ಅದನ್ನು ನುಂಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಒಂದೇ ಮೂಲದಿಂದ ನುಂಗಿದ ಸೀಸವನ್ನು ಎಳೆಯ ಮಕ್ಕಳ ದೇಹ ವಯಸ್ಕರಿಗಿಂತ 4–5 ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಕಬ್ಬಿಣ ಅಥವಾ ಕ್ಯಾಲ್ಸಿಯಂ ಕೊರತೆಯಿದ್ದರೆ ಇನ್ನೂ ಹೆಚ್ಚು. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಊಟಕ್ಕೆ ಮುನ್ನ ಮಗುವಿನ ಕೈ ತೊಳೆಸಿ. ಬಣ್ಣವನ್ನು ನೀವೇ ಒಣದಾಗಿ ಉಜ್ಜಿ ತೆಗೆಯಬೇಡಿ. ಈ ಉತ್ಸಾಹವೇ, ನನ್ನ ದೃಷ್ಟಿಯಲ್ಲಿ, ಹೆಚ್ಚಿನ ಅಪಾಯ. ಆರಂಭದಲ್ಲಿ ಯಾವ ಲಕ್ಷಣವೂ ಕಾಣದಿರಬಹುದಾದ್ದರಿಂದ ವೈದ್ಯರನ್ನು ಕಂಡು ಮಗುವಿನ ರಕ್ತದಲ್ಲಿರುವ ಸೀಸದ ಪ್ರಮಾಣವನ್ನು ಪರೀಕ್ಷಿಸಿಕೊಳ್ಳಿ.